ಒಲಿಂಪಿಕ್ ಗೆದ್ದವರನ್ನು ಬಿಟ್ಟು: ಪೈಲ್ವಾನ ಕಾರ್ಪಾತಿಯ ಪ್ರಕರಣ

1939ರ ಮೇ ತಿಂಗಳಲ್ಲಿ ಹಂಗೇರಿಯಲ್ಲಿ ಒಂದು ಕಾನೂನು ಬಂತು. ಯಹೂದಿಗಳಿಗೆ ಇನ್ನು ಸರ್ಕಾರಿ ನೌಕರಿ ಇಲ್ಲ. ವಕೀಲರು, ಡಾಕ್ಟರುಗಳು, ಪತ್ರಕರ್ತರ ಸಂಘಗಳಲ್ಲಿ ನೂರಕ್ಕೆ 6 ಜನ ಯಹೂದಿಗಳು ಮಾತ್ರ ಇರಬಹುದು. ಹಿಂದಿನ ವರ್ಷದ ಕಾನೂನಿನಲ್ಲಿ ನೂರಕ್ಕೆ 20 ಎಂದಿತ್ತು. ಒಂದೇ ವರ್ಷದಲ್ಲಿ ಅದು 6ಕ್ಕೆ ಇಳಿಯಿತು.

ಆದರೆ ಕಾನೂನು ಬರೆದವರು ಕೆಲವರಿಗೆ ವಿನಾಯಿತಿ ಕೊಟ್ಟಿದ್ದರು. ಮೊದಲ ಮಹಾಯುದ್ಧದಲ್ಲಿ ಶೌರ್ಯ ಪದಕ ಗಳಿಸಿದವರು, ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರು, ವಿಶ್ವವಿದ್ಯಾಲಯದ ಪ್ರೊಫೆಸರುಗಳು ಆ ಪಟ್ಟಿಯಲ್ಲಿದ್ದರು. ಜೊತೆಗೆ ಇನ್ನೊಂದು ಗುಂಪು: ಒಲಿಂಪಿಕ್ ಚಾಂಪಿಯನ್‌ಗಳು.

ಸುಮ್ನೆ ಯೋಚನೆ ಮಾಡಿ ನೋಡಿ. ಒಂದು ಜನಾಂಗದ ಅನ್ನ ಕಿತ್ತುಕೊಳ್ಳುವ ಕಾನೂನು. ಅದರ ನಡುವೆ ಓಟ, ಈಜು, ಕುಸ್ತಿ, ಕತ್ತಿವರಸೆಯಲ್ಲಿ ಚಿನ್ನ ಗೆದ್ದವರಿಗೆ ಅಂತ ಒಂದು ಜಾಗ! ಆ ಜಾಗದಲ್ಲಿ ನಿಲ್ಲಬಹುದಾಗಿದ್ದ ಬೆರಳೆಣಿಕೆಯ ಜನರಲ್ಲಿ ಕಾರೊಯ್ ಕಾರ್ಪಾತಿ ಒಬ್ಬ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ, ಜರ್ಮನಿಯ ಪೈಲ್ವಾನನನ್ನೇ ಎರಡನೇ ಸ್ಥಾನಕ್ಕೆ ತಳ್ಳಿ ಚಿನ್ನ ಗೆದ್ದವನು. ಅಂಥವನು ಕೆಲವೇ ವರ್ಷದಲ್ಲಿ ಗುದ್ದಲಿ ಹಿಡಿದು ಸೇನೆಯ ಬಿಟ್ಟಿ ಕೆಲಸಗಾರರ ಸಾಲಿನಲ್ಲಿ ನಿಂತಿದ್ದ. ವಿನಾಯಿತಿ ಇದ್ದವನಿಗೆ ಇದು ಹೇಗಾಯಿತು ಅನ್ನುವುದೇ ಈ ಪ್ರಕರಣ.

ಎಗೆರ್‌ನ ಹುಡುಗ

ಕಾರ್ಪಾತಿ ಹುಟ್ಟಿದ್ದು 1906ರ ಜುಲೈ 2ರಂದು, ಎಗೆರ್ ಅನ್ನುವ ಊರಿನಲ್ಲಿ. ಉತ್ತರ ಹಂಗೇರಿಯ ಹಳೇ ಊರದು. ದ್ರಾಕ್ಷಿ ತೋಟ, ಚರ್ಚು, ಗುಡ್ಡದ ಮೇಲೊಂದು ಕೋಟೆ. 1552ರಲ್ಲಿ ತುರ್ಕರ ದೊಡ್ಡ ಸೈನ್ಯ ಆ ಕೋಟೆಗೆ ಮುತ್ತಿಗೆ ಹಾಕಿ ಬರಿಗೈಲಿ ವಾಪಸ್ ಹೋಗಿತ್ತು. ನಮಗೆ ಚಿತ್ರದುರ್ಗದ ಕೋಟೆ ಹೇಗೋ ಹಂಗೇರಿಯವರಿಗೆ ಎಗೆರ್ ಹಾಗೆ. ಹೆಸರು ಹೇಳಿದರೆ ಸಾಕು, ಎದೆ ಉಬ್ಬುತ್ತದೆ.

ಹುಟ್ಟಿದಾಗ ಮನೆಯ ಹೆಸರು ಕೆಲ್ನರ್. ಅದು ಜರ್ಮನ್ ಹೆಸರು. ಆಗಿನ ಹಂಗೇರಿಯ ಯಹೂದಿಗಳಲ್ಲಿ ಬಹಳ ಜನ ಇಂಥ ಹೆಸರು ಬಿಟ್ಟು ಹಂಗೇರಿಯನ್ ಹೆಸರು ಇಟ್ಟುಕೊಳ್ಳುತ್ತಿದ್ದರು. ಕೆಲ್ನರ್ ಹೋಗಿ ಕಾರ್ಪಾತಿ ಆಯಿತು. ಕಾರ್ಪಾತಿ ಅಂದರೆ ಕಾರ್ಪೇಥಿಯನ್ ಬೆಟ್ಟದವನು. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ, 1920ರ ಟ್ರಿಯಾನನ್ ಒಪ್ಪಂದದಲ್ಲಿ ಹಂಗೇರಿ ತನ್ನ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ಕಾರ್ಪೇಥಿಯನ್ ಬೆಟ್ಟಗಳೂ ಆ ಪಾಲಿನಲ್ಲಿ ಹೋದವು. ಹಾಗಾಗಿ ಆ ಕಾಲದಲ್ಲಿ ಕಾರ್ಪಾತಿ ಅಂತ ಹೆಸರಿದ್ದರೆ ಅದರಲ್ಲಿ ದೇಶಪ್ರೇಮದ ವಾಸನೆ ಜಾಸ್ತಿಯೇ ಇತ್ತು. ನಾವು ನಿಮ್ಮವರೇ ಅಂತ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆ ಹೆಸರು ಸಿಗುವುದು ಕಷ್ಟ.

ಅದೇ 1920ರಲ್ಲಿ ಇನ್ನೊಂದು ಕಾನೂನೂ ಬಂದಿತ್ತು. ಕಾಲೇಜುಗಳಲ್ಲಿ ಯಹೂದಿ ಹುಡುಗರ ಸಂಖ್ಯೆಗೆ ಮಿತಿ ಹಾಕುವ ಕಾನೂನು. ಆಗ ಕಾರ್ಪಾತಿಗೆ ಹದಿನಾಲ್ಕು ವರ್ಷ. ಕಾಲೇಜಿನ ಬಾಗಿಲು ಅರ್ಧ ಮುಚ್ಚಿತ್ತು. ಆಟದ ಬಾಗಿಲು ತೆರೆದಿತ್ತು. ಹಂಗೇರಿಯ ಯಹೂದಿಗಳು ಕತ್ತಿವರಸೆ, ಈಜು, ಕುಸ್ತಿಯಲ್ಲಿ ಅಷ್ಟೊಂದು ಮುಂದೆ ಬಂದದ್ದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಮೊದಲೇ ಅಲ್ಲೊಂದು ದಾರಿ ಬಿದ್ದಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನ ಕುಸ್ತಿಯಲ್ಲಿ ಹೆವಿವೇಟ್ ಚಿನ್ನ ತಂದಿದ್ದ ರಿಚಾರ್ಡ್ ವೈಸ್ ಕೂಡ ಯಹೂದಿಯೇ. ಯಹೂದಿಗಳು ಪುಸ್ತಕ ಬಿಟ್ಟು ಮೈ ಬೆಳೆಸಬೇಕು ಎಂದು 1898ರಲ್ಲೇ ಕರೆ ಕೊಟ್ಟ ಮ್ಯಾಕ್ಸ್ ನೋರ್ಡೌ ಹುಟ್ಟಿದ್ದು ಬುಡಾಪೆಸ್ಟ್‌ನ ಪೆಸ್ಟ್ ಭಾಗದಲ್ಲಿ. ಆದರೆ ನೋರ್ಡೌ ಕನಸು ಕಂಡದ್ದು ಯಹೂದಿಗಳದೇ ಒಂದು ನಾಡಿನ ಬಗ್ಗೆ. ಕಾರ್ಪಾತಿಯಂಥವರು ಕಟ್ಟಿಕೊಂಡದ್ದು ಹಂಗೇರಿಯ ಲಂಗೋಟಿ, ಹಾರಿಸಿದ್ದು ಹಂಗೇರಿಯ ಬಾವುಟ.

ತಪ್ಪು ಅಂಕಗಳ ಕುಸ್ತಿ

ಕುಸ್ತಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಬರ್ಲಿನ್‌ನಲ್ಲಿ ಏನಾಯಿತು ಅಂತ ತಿಳಿಯುವುದಿಲ್ಲ.

ಒಲಿಂಪಿಕ್ಸ್‌ನಲ್ಲಿ ಎರಡು ಬಗೆಯ ಕುಸ್ತಿ ಇದೆ. ಗ್ರೀಕೋ-ರೋಮನ್‌ನಲ್ಲಿ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲು ಕೊಟ್ಟು ಬೀಳಿಸುವಂತಿಲ್ಲ. ಎಲ್ಲ ತಾಕತ್ತೂ ತೋಳು, ಎದೆ, ಬೆನ್ನಿನದು. ಫ್ರೀಸ್ಟೈಲ್‌ನಲ್ಲಿ ಕಾಲು ಹಿಡಿಯಬಹುದು, ಕಾಲು ಸಿಕ್ಕಿಸಬಹುದು. ನಮ್ಮ ಗರಡಿ ಮನೆಯ ಕುಸ್ತಿಗೆ ಹತ್ತಿರ ಇರುವುದು ಇದೇ. ಎರಡರಲ್ಲೂ ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಮುಗೀತು, ಅದು ಚಿತ್.

ಕಾರ್ಪಾತಿ ಎರಡನ್ನೂ ಆಡಿದವನು. ಗ್ರೀಕೋ-ರೋಮನ್‌ನಲ್ಲಿ ಪಳಗಿ, ಆಮೇಲೆ ಫ್ರೀಸ್ಟೈಲ್‌ಗೆ ಹೊರಳಿದ. ಇದು ಸಣ್ಣ ವಿಷಯ ಅಲ್ಲ. ಸೊಂಟದಿಂದ ಮೇಲಷ್ಟೇ ಕಾದು ಅಭ್ಯಾಸವಾದ ಪೈಲ್ವಾನ ಫ್ರೀಸ್ಟೈಲ್ ಅಖಾಡಕ್ಕೆ ಇಳಿದಾಗ ಮೊದಲು ಸಿಕ್ಕಿಬೀಳುವುದು ಅವನ ಕಾಲು. ನಿಲ್ಲುವ ಭಂಗಿಯಿಂದಲೇ ಮತ್ತೆ ಕಲಿಯಬೇಕು. ನೆಟ್ಟಗೆ ನಿಂತು ರೂಢಿಯಾದವನು ಬಗ್ಗಬೇಕು, ಒಂದು ಕಾಲನ್ನು ಹಿಂದಕ್ಕೆ ಇಡಬೇಕು.

1928ರಲ್ಲಿ ಆತ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗೆ ಹೋದ. ಪದಕ ಸಿಗಲಿಲ್ಲ. 1932ರ ಲಾಸ್ ಏಂಜಲೀಸ್‌ನಲ್ಲಿ ಫ್ರೀಸ್ಟೈಲ್ ಲೈಟ್‌ವೇಟ್, ಅಂದರೆ 66 ಕಿಲೋ ವಿಭಾಗದಲ್ಲಿ, ಬೆಳ್ಳಿ ಗೆದ್ದ. ಚಿನ್ನ ಫ್ರಾನ್ಸ್‌ನ ಶಾರ್ಲ್ ಪಕೋಮ್‌ಗೆ ಹೋಯಿತು. ಯುರೋಪ್ ಚಾಂಪಿಯನ್ ಪಟ್ಟವನ್ನೂ ಬರ್ಲಿನ್‌ಗೆ ಮೊದಲೇ ಕಟ್ಟಿಕೊಂಡಿದ್ದ. ಹಾಗಾಗಿ 1936ರಲ್ಲಿ ಆತ ಹೊಸಬ ಏನಲ್ಲ. ಮೂವತ್ತು ವರ್ಷ ತುಂಬಿತ್ತು, ಮೂರನೇ ಒಲಿಂಪಿಕ್ಸ್. ಪೈಲ್ವಾನನ ಮೈಗೆ ಅದು ಸಂಜೆ ಹೊತ್ತು.

ಆಗ ಅಂಕ ಕೊಡುತ್ತಿದ್ದ ಲೆಕ್ಕ ಬಹಳ ವಿಚಿತ್ರ. ಗೆದ್ದವನಿಗೆ ಅಂಕ ಕೊಡುತ್ತಿರಲಿಲ್ಲ. ತಪ್ಪು ಅಂಕ ಅಂತ ಇಡುತ್ತಿದ್ದರು. ಚಿತ್ ಮಾಡಿ ಗೆದ್ದರೆ ಸೊನ್ನೆ. ಚಿತ್ ಆಗದೆ ತೀರ್ಪುಗಾರರ ಮತದಿಂದ ಗೆದ್ದರೆ 1. ಸೋತರೆ ಸಾಮಾನ್ಯವಾಗಿ 3. ಒಟ್ಟು 5 ಮುಟ್ಟಿದವನು ಮನೆಗೆ. ಅಂದರೆ ಗೆದ್ದರೂ ಸಾಲದು, ಎದುರಾಳಿಯ ಬೆನ್ನು ಮ್ಯಾಟ್‌ಗೆ ತಾಗಿಸಿ ಗೆಲ್ಲಬೇಕು. ಇಲ್ಲದಿದ್ದರೆ ಪ್ರತಿ ಗೆಲುವಿನ ಜೊತೆಗೂ ಒಂದೊಂದು ತಪ್ಪು ಅಂಕ ಬಂದು ಕೂರುತ್ತದೆ. ಗೆಲ್ಲುತ್ತಾ ಗೆಲ್ಲುತ್ತಾ ಹೊರಗೆ ಹೋಗುವ ಲೆಕ್ಕ ಇದು! ಮುಂದೆ ಹಂಗೇರಿಯ ಕಾನೂನುಗಳನ್ನು ಓದುವಾಗ ನನಗೆ ಈ ಲೆಕ್ಕವೇ ಮತ್ತೆ ಮತ್ತೆ ನೆನಪಾಯಿತು.

ಬರ್ಲಿನ್, ಆಗಸ್ಟ್ 4

ಬರ್ಲಿನ್ 1936 ಅಂದರೆ ನಮಗೆ ಧ್ಯಾನ್ ಚಂದ್. ಆಗಸ್ಟ್ 15ರಂದು ಫೈನಲ್‌ನಲ್ಲಿ ಜರ್ಮನಿಗೆ 8-1ರಿಂದ ಹೊಡೆದ ಹಾಕಿ ತಂಡ. ಮಿಕ್ಕ ಜಗತ್ತಿಗೆ ಜೆಸ್ಸಿ ಓವೆನ್ಸ್. ಆಗಸ್ಟ್ 4ರಂದು ಓವೆನ್ಸ್ ದೊಡ್ಡ ಸ್ಟೇಡಿಯಂನಲ್ಲಿ ಉದ್ದ ಜಿಗಿತದ ಚಿನ್ನ ಗೆದ್ದ. ಅದೇ ದಿನ ಡಾಯ್ಚ್‌ಲಾಂಡ್‌ಹಾಲೆ ಅನ್ನುವ ಒಳಾಂಗಣದಲ್ಲಿ ಫ್ರೀಸ್ಟೈಲ್ ಕುಸ್ತಿ ಮುಗಿಯುತ್ತಿತ್ತು. ಒಲಿಂಪಿಕ್ಸ್‌ಗಾಗಿಯೇ ಕಟ್ಟಿದ, ಹಿಂದಿನ ವರ್ಷವಷ್ಟೇ ಹಿಟ್ಲರ್ ಉದ್ಘಾಟನೆ ಮಾಡಿದ್ದ ಹಾಲ್ ಅದು.

ಊರಿಗೆ ಆಗ ಸುಣ್ಣಬಣ್ಣ ಹೊಡೆಸಿದ್ದರು. ಯಹೂದಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡುಗಳನ್ನು ಪರದೇಶದವರ ಕಣ್ಣಿಗೆ ಬೀಳದ ಹಾಗೆ ತೆಗೆದಿದ್ದರು. ಆದರೆ ಜರ್ಮನಿಯ ತಂಡದಲ್ಲಿ ಬೋರ್ಡು ಹಾಗೇ ಇತ್ತು ಅನ್ನಿ. ಎತ್ತರ ಜಿಗಿತದ ಗ್ರೆಟೆಲ್ ಬರ್ಗ್‌ಮನ್ ಆಟಗಳಿಗೆ ಸ್ವಲ್ಪ ಮೊದಲು 1.60 ಮೀಟರ್ ಹಾರಿ ಜರ್ಮನಿಯ ದಾಖಲೆ ಸರಿಗಟ್ಟಿದ್ದಳು. ಯಹೂದಿ ಅಂತ ಅವಳನ್ನು ತಂಡದಿಂದ ಕೈಬಿಟ್ಟರು. ಆಮೇಲೆ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆ ಮೂವರ ನಡುವೆ ಸಮ ಆದದ್ದೂ 1.60 ಮೀಟರ್‌ಗೇ. ಮರುಜಿಗಿತದಲ್ಲಿ ಚಿನ್ನ ಗೆದ್ದವಳು ಹಂಗೇರಿಯ ಇಬೊಯಾ ಚಾಕ್. ಅವಳೂ ಯಹೂದಿ!

ಕಾರ್ಪಾತಿಯ ವಿಭಾಗದಲ್ಲಿ ಜರ್ಮನಿಯ ಆಸೆ ಇದ್ದದ್ದು ವೋಲ್ಫ್‌ಗಾಂಗ್ ಎರ್ಲ್ ಮೇಲೆ. ಲಾಸ್ ಏಂಜಲೀಸ್‌ನಲ್ಲಿ ಗ್ರೀಕೋ-ರೋಮನ್ ಬೆಳ್ಳಿ ಗೆದ್ದಿದ್ದ ಪೈಲ್ವಾನ. ವಯಸ್ಸಿನಲ್ಲಿ ಕಾರ್ಪಾತಿಗಿಂತ ಆರು ವರ್ಷ ಚಿಕ್ಕವನು. ಸ್ವಂತ ನೆಲ, ಸ್ವಂತ ಜನ. ಈಗಿನ ಕುಸ್ತಿ ಆರು ನಿಮಿಷಕ್ಕೆ ಮುಗಿಯುತ್ತದೆ. ಆಗಿನ ಪಂದ್ಯ ಅದಕ್ಕಿಂತ ಬಹಳ ಉದ್ದ. ಬೆವರಿಗೆ ಹಿಡಿತ ಜಾರುತ್ತದೆ, ಬೆರಳು ಸೋಲುತ್ತವೆ, ಉಸಿರು ಗಂಟಲಿಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಇಡೀ ಹಾಲ್ ಇನ್ನೊಬ್ಬನ ಹೆಸರು ಕೂಗುತ್ತಿದ್ದರೆ ಅದನ್ನು ತಡೆದುಕೊಳ್ಳುವುದಕ್ಕೂ ಬೇರೆಯದೇ ತಾಕತ್ತು ಬೇಕು. ತವರಿನ ಪೈಲ್ವಾನನ ಎದುರು ಪರಊರಿನವನು ಆಡುವಾಗ ಜನ ಹೇಗೆ ಕೂಗುತ್ತಾರೆ ಅಂತ ನಮ್ಮ ದಸರಾ ಕುಸ್ತಿ ನೋಡಿದವರಿಗೆ ಹೇಳಬೇಕಿಲ್ಲ.

ಕೊನೆಗೆ ಕಾರ್ಪಾತಿಗೆ ಚಿನ್ನ, ಎರ್ಲ್‌ಗೆ ಬೆಳ್ಳಿ. ಫಿನ್‌ಲ್ಯಾಂಡಿನ ಹೆರ್ಮನ್ನಿ ಪಿಹ್ಲಾಯಮಾಕಿಗೆ ಕಂಚು. ಯಹೂದಿ ಪೈಲ್ವಾನನ ಒಂದು ಮೆಟ್ಟಿಲು ಕೆಳಗೆ ಜರ್ಮನಿಯ ಪೈಲ್ವಾನ. ಹಂಗೇರಿಯ ರಾಷ್ಟ್ರಗೀತೆ.

ಬರ್ಲಿನ್‌ನಲ್ಲಿ ಚಿನ್ನ ಗೆದ್ದವರಿಗೆಲ್ಲ ಪದಕದ ಜೊತೆ ಇನ್ನೊಂದು ಉಡುಗೊರೆ ಸಿಗುತ್ತಿತ್ತು. ಮಣ್ಣಿನ ಕುಂಡದಲ್ಲಿ ಒಂದು ವರ್ಷದ ಓಕ್ ಸಸಿ. ಜರ್ಮನ್ ಓಕ್. ನಿಮ್ಮೂರಿಗೆ ಒಯ್ದು ನೆಡಿ ಅಂತ ಕೊಡುತ್ತಿದ್ದರು. ಓವೆನ್ಸ್‌ಗೆ ಅಂಥವು ನಾಲ್ಕು ಸಿಕ್ಕವು. ಧ್ಯಾನ್ ಚಂದ್ ತಂಡಕ್ಕೂ ಸಿಕ್ಕಿತು. ಯಹೂದಿಗಳಿಗೆ ಹಿಟ್ಲರ್ ಸರ್ಕಾರದ ಕಡೆಯಿಂದ ಗಿಡ! ಆ ವಾರಗಳ ನಾಟಕಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ.

ಬರ್ಲಿನ್‌ನಲ್ಲಿ ಹಂಗೇರಿ ಗೆದ್ದದ್ದು 10 ಚಿನ್ನ. ಪದಕ ಪಟ್ಟಿಯಲ್ಲಿ ಜರ್ಮನಿ, ಅಮೆರಿಕ ಬಿಟ್ಟರೆ ಮೂರನೇ ಸ್ಥಾನ. ಅಷ್ಟು ಸಣ್ಣ ದೇಶಕ್ಕೆ ಇದು ಊಹಿಸಲಾಗದ ಸಾಧನೆ. ಈ ಹತ್ತನ್ನು ಬಿಡಿಸಿ ನೋಡಿ. ಕುಸ್ತಿಯಲ್ಲಿ ಕಾರ್ಪಾತಿ, ಎತ್ತರ ಜಿಗಿತದಲ್ಲಿ ಚಾಕ್, ಕತ್ತಿವರಸೆಯಲ್ಲಿ ಇಲೋನಾ ಎಲೆಕ್ ಮತ್ತು ಎಂದ್ರೆ ಕಾಬೋಷ್. ಸೇಬರ್ ಅನ್ನುವ ಕತ್ತಿಯ ತಂಡದ ಚಿನ್ನದಲ್ಲೂ ಕಾಬೋಷ್ ಇದ್ದ. ವಾಟರ್ ಪೋಲೋ ತಂಡದಲ್ಲಿ ಬ್ರೋದಿ ಮತ್ತು ಶಾರ್ಕಾನ್. ಹತ್ತರಲ್ಲಿ ಆರು ಚಿನ್ನದಲ್ಲಿ ಯಹೂದಿ ಮೂಲದವರ ಕೈ ಇತ್ತು. ಆಗ ದೇಶದ ಜನಸಂಖ್ಯೆಯಲ್ಲಿ ಯಹೂದಿಗಳು ನೂರಕ್ಕೆ ಐದರ ಆಸುಪಾಸು.

1939ರ ಕಾನೂನಿನಲ್ಲಿ ಒಲಿಂಪಿಕ್ ಚಾಂಪಿಯನ್‌ಗಳು ಹೇಗೆ ಬಂದು ಸೇರಿದರು ಅಂತ ಈಗ ಅರ್ಥವಾಗುತ್ತದೆ ಅಲ್ವಾ? ಮೂರು ವರ್ಷದ ಹಿಂದಷ್ಟೇ ಇವರ ಹೆಸರಿನಲ್ಲಿ ಇಡೀ ದೇಶ ಕುಣಿದಿತ್ತು. ಅವರನ್ನು ಬೀದಿಗೆ ಹಾಕಿದರೆ ಮುಜುಗರ ದೇಶಕ್ಕೇ.

ವಿನಾಯಿತಿಯ ಒಳಗುಟ್ಟು

ವಿನಾಯಿತಿ ಅನ್ನುವ ಮಾತು ಕೇಳಲು ಚೆನ್ನ. ಆದರೆ ಅದು ಹೇಳುವುದು ಏನು? ನೀನು ಯಹೂದಿ ಅಲ್ಲ ಅಂತ ಅದು ಹೇಳಲಿಲ್ಲ. ನೀನು ಯಹೂದಿಯೇ, ಸದ್ಯಕ್ಕೆ ಬಿಟ್ಟಿದ್ದೇವೆ ಅಂತ ಹೇಳಿತು. ಪಟ್ಟಿಯಲ್ಲಿ ಹೆಸರು ಇದ್ದೇ ಇತ್ತು, ಪಕ್ಕದಲ್ಲೊಂದು ಗುರುತು ಮಾತ್ರ. ಗುರುತು ಅಳಿಸಲು ಎಷ್ಟು ಹೊತ್ತು ಬೇಕು? ಇನ್ನೂ ಒಂದಿದೆ. ಚಾಂಪಿಯನ್ ಆದವನನ್ನು ಬಿಡುತ್ತೇವೆ ಅಂದರೆ, ಚಾಂಪಿಯನ್ ಆಗದ ಅವನ ಅಣ್ಣನನ್ನು, ಚಿಕ್ಕಪ್ಪನನ್ನು, ಪಕ್ಕದ ಮನೆಯ ದರ್ಜಿಯನ್ನು ಬಿಡುವುದಿಲ್ಲ ಅಂತಲೇ ಅರ್ಥ.

ಮುಖ್ಯವಾದ ಇಕ್ಕಟ್ಟು ಬೇರೆ ಕಡೆ ಇತ್ತು. 1939ರ ಆ ಕಾನೂನು ನೌಕರಿ, ವೃತ್ತಿ, ವ್ಯಾಪಾರ, ಮತದಾನದ ಬಗ್ಗೆ ಮಾಡಿದ್ದು. ಅದೇ ವರ್ಷ ಸೇನೆಗೆ ಸಂಬಂಧಿಸಿದ ಇನ್ನೊಂದು ಕಾನೂನು ಬಂತು. ಆಯುಧ ಕೊಡಲು ಲಾಯಕ್ಕಲ್ಲ ಅಂತ ಸರ್ಕಾರ ಭಾವಿಸಿದವರನ್ನು ಬಿಟ್ಟಿ ಕೆಲಸದ ತುಕಡಿಗೆ ಕರೆಯಬಹುದು. 1941ರ ಹೊತ್ತಿಗೆ ಯಹೂದಿಗಳ ಕೈಗೆ ಕೋವಿ ಕೊಡುವಂತಿಲ್ಲ, ಗುದ್ದಲಿ ಮಾತ್ರ ಅಂತ ಗಟ್ಟಿಯಾಯಿತು. ಈ ತುಕಡಿಯವರಿಗೆ ಸಮವಸ್ತ್ರ ಕೊಡುವುದನ್ನೂ ನಿಲ್ಲಿಸಿದರು. ಮನೆಯ ಬಟ್ಟೆ, ಮನೆಯ ಬೂಟು, ತಲೆಗೊಂದು ಸೇನೆಯ ಟೋಪಿ, ತೋಳಿಗೆ ಹಳದಿ ಪಟ್ಟಿ. ಕ್ರೈಸ್ತರಾಗಿ ಮತಾಂತರವಾಗಿದ್ದರೆ ಪಟ್ಟಿಯ ಬಣ್ಣ ಬಿಳಿ. ಅಲ್ಲೂ ವಿಂಗಡಣೆ ಬಿಡಲಿಲ್ಲ ನೋಡಿ.

ಕರೆ ಬರುತ್ತಿದ್ದದ್ದು ಒಂದು ಚೀಟಿಯಲ್ಲಿ. ಅದನ್ನು ಶಾಶ್ ಚೀಟಿ ಅನ್ನುತ್ತಿದ್ದರು. ಬೇಗ, ತಕ್ಷಣ, ಬೇಗ ಅನ್ನುವ ಮೂರು ಹಂಗೇರಿಯನ್ ಮಾತುಗಳ ಮೊದಲಕ್ಷರ ಸೇರಿಸಿದ ಹೆಸರು. ಚೀಟಿ ಕೈಗೆ ಬಂದರೆ ಹೊರಡಬೇಕು. ಊರಿನಲ್ಲಿ ಹೆಸರಿದ್ದವರಿಗೆ, ಹಣವಿದ್ದವರಿಗೆ ಇದನ್ನು ಹುಡುಕಿ ಹುಡುಕಿ ಕಳಿಸಿದ ಅಧಿಕಾರಿಗಳೂ ಇದ್ದರು. ಹೆಸರು ಕಾಪಾಡುತ್ತದೆ ಅಂದುಕೊಂಡವರಿಗೆ ಹೆಸರೇ ಮುಳುವಾಯಿತು.

ಹೀಗೆ ಒಂದು ಕಾಗದದಲ್ಲಿ ಬಿಟ್ಟಿದ್ದವನನ್ನು ಇನ್ನೊಂದು ಕಾಗದ ಹಿಡಿಯಿತು. ಕಾರ್ಪಾತಿ ತುಕಡಿ ಸೇರಬೇಕಾಯಿತು.

ಬೆಟ್ಟದ ಆಚೆ, ದೋನ್ ನದಿಯ ಕಡೆ

ಆತ ಇದ್ದ ಶಿಬಿರಗಳಲ್ಲಿ ಒಂದು ನಾದ್ವಿರ್ನಾ. ಈಗ ಅದು ಉಕ್ರೇನ್‌ನಲ್ಲಿದೆ. ಭೂಪಟ ತೆಗೆದು ನೋಡಿದಾಗ ನನಗೆ ಮೈ ಜುಂ ಎಂದಿತು. ಆ ಊರು ಇರುವುದು ಕಾರ್ಪೇಥಿಯನ್ ಬೆಟ್ಟಗಳ ಬುಡದಲ್ಲಿ, ಹಂಗೇರಿಯಿಂದ ನೋಡಿದರೆ ಬೆಟ್ಟದ ಆಚೆ ಮಗ್ಗುಲಿಗೆ. ಬೆಟ್ಟದ ಹೆಸರು ಇಟ್ಟುಕೊಂಡವನನ್ನು ಆ ಬೆಟ್ಟ ದಾಟಿಸಿ ಅದರ ಕಾಲಬುಡದಲ್ಲೇ ತಂದು ಹಾಕಿದ್ದರು.

1942ರಲ್ಲಿ ಹಂಗೇರಿಯ ಎರಡನೇ ಸೇನೆ ಜರ್ಮನಿಯ ಜೊತೆಗೂಡಿ ಸೋವಿಯತ್ ನೆಲದಲ್ಲಿ ದೋನ್ ನದಿಯವರೆಗೆ ಹೋಯಿತು. ಜೊತೆಯಲ್ಲಿ ಹತ್ತಾರು ಸಾವಿರ ಯಹೂದಿ ಬಿಟ್ಟಿ ಕೆಲಸಗಾರರು. ಕಂದಕ ತೋಡಬೇಕು, ರಸ್ತೆಯ ಹಿಮ ಎತ್ತಬೇಕು, ಶವ ಹೂಳಬೇಕು, ಬರಿಗೈಲಿ ನೆಲಬಾಂಬು ತೆಗೆಯಬೇಕು. ಕಾವಲುಗಾರರು ಬೇರೆ ದೇಶದವರೇನಲ್ಲ, ಹಂಗೇರಿಯವರೇ. ಇದನ್ನು ಒತ್ತಿ ಹೇಳಬೇಕು. ಬರ್ಲಿನ್ ಗೆಲುವಿನ ಸುದ್ದಿ ರೇಡಿಯೋದಲ್ಲಿ ಕೇಳಿ ಖುಷಿಪಟ್ಟ ಜನವೇ ಆರು ವರ್ಷದ ಮೇಲೆ ಕೋಲು ಹಿಡಿದು ನಿಂತಿದ್ದರು.

ವೊರೊನೆಜ್ ಸೀಮೆಯ ದವಿದೋವ್ಕಾ ಅನ್ನುವ ಜಾಗದಲ್ಲಿ ಕಾರ್ಪಾತಿಗೆ ಹಳೇ ಪರಿಚಯದವನೊಬ್ಬ ಜೊತೆಯಾಗಿದ್ದ. ಅತ್ತಿಲಾ ಪೆಚಾವರ್. ಕತ್ತಿವರಸೆಯ ದೊಡ್ಡ ಹೆಸರು. 1928ರ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇಬರ್ ತಂಡದ ಚಿನ್ನ, ವೈಯಕ್ತಿಕ ಬೆಳ್ಳಿ. 1932ರಲ್ಲಿ ಮತ್ತೆ ತಂಡದ ಚಿನ್ನ. ಪತ್ರಿಕೆಗೂ ಬರೆಯುತ್ತಿದ್ದ. ಬುಡಾಪೆಸ್ಟ್‌ನಲ್ಲಿ ಅವನನ್ನು ಗುರುತಿಸದವರು ಕಡಿಮೆ. ಎರಡು ಒಲಿಂಪಿಕ್ಸ್‌ಗೆ ಇವರಿಬ್ಬರೂ ಒಂದೇ ದೇಶದ ತಂಡದಲ್ಲಿ ಹೋಗಿ ಬಂದಿದ್ದರು. ಆ ಕಾನೂನಿನ ಪ್ರಕಾರ ಇಬ್ಬರೂ ಒಲಿಂಪಿಕ್ ಚಾಂಪಿಯನ್‌ಗಳು, ಇಬ್ಬರೂ ವಿನಾಯಿತಿಗೆ ಸೇರಿದವರು.

ಮುಂದೆ ನಡೆದದ್ದನ್ನು ಹೇಳಿದವನು ಕಾರ್ಪಾತಿಯೇ. 1943ರ ಜನವರಿ. ಅಲ್ಲಿಗೆ ಬಂದ ಸೇನಾಧಿಕಾರಿಯೊಬ್ಬನನ್ನು ಪೆಚಾವರ್ ಗುರುತು ಹಿಡಿದ. ಆ ಅಧಿಕಾರಿಯೂ ಆಮ್ಸ್ಟರ್‌ಡ್ಯಾಮ್‌ಗೆ ಹಂಗೇರಿ ತಂಡದಲ್ಲಿ ಹೋಗಿದ್ದವನು. ಹಳೇ ಸ್ನೇಹಿತ ಅಂತ ಪೆಚಾವರ್ ಮಾತಾಡಿಸಿದ. ಅವನು ಕಾವಲುಗಾರರ ಕಡೆ ತಿರುಗಿ, ಈ ಯಹೂದಿಗೆ ಸ್ವಲ್ಪ ಬಿಸಿ ಮುಟ್ಟಿಸಿ ಅಂದ. ಒಲಿಂಪಿಕ್ ಪದಕ ಗೆದ್ದವನು ಮರ ಹೇಗೆ ಹತ್ತುತ್ತಾನೆ ನೋಡೋಣ ಅಂತ ಕಾವಲುಗಾರರು ಶುರು ಮಾಡಿದರು. ಆ ಚಳಿಯಲ್ಲಿ ಬಟ್ಟೆ ಬಿಚ್ಚಿಸಿದರು. ಮರ ಹತ್ತಿಸಿದರು. ಹುಂಜದ ಹಾಗೆ ಕೂಗು ಅಂದರು. ಪೆಚಾವರ್ ಕೂಗಿದ. ಕೆಳಗಿನಿಂದ ಅವನ ಮೇಲೆ ನೀರು ಚಿಮುಕಿಸಿದರು. ನೀರು ಮೈಮೇಲೇ ಮಂಜುಗಡ್ಡೆಯಾಯಿತು. ಸ್ವಲ್ಪ ಹೊತ್ತಿನಲ್ಲೇ ಆತ ಸತ್ತ.

ಪೆಚಾವರ್ ಕೊನೆಯುಸಿರು ಎಳೆದದ್ದು ಸೋವಿಯತ್ ಸೆರೆಯಲ್ಲಿ, ಕಾಯಿಲೆಯಿಂದ ಅಂತ ಸಂಬಂಧಿಕರ ಕಡೆಯಿಂದ ಬಂದ ಇನ್ನೊಂದು ಹೇಳಿಕೆಯೂ ಇದೆ. ಸಾವು ಯಾವ ದಿನ, ಯಾವ ಜಾಗದಲ್ಲಿ ಅನ್ನುವುದರಲ್ಲಿ ಎರಡೂ ಕೂಡಿ ಬರುವುದಿಲ್ಲ. ಆದರೆ ಕಾರ್ಪಾತಿ ಹೇಳಿದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಆ ಕಾವಲುಗಾರರಿಗೆ ಪೆಚಾವರ್ ಯಾರು ಅಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನನ್ನು ಆರಿಸಿದರು. ಸುಮ್ಮನಿದ್ದಿದ್ದರೆ ನೂರಾರು ಯಹೂದಿಗಳಲ್ಲಿ ಆತನೂ ಒಬ್ಬನಾಗಿ ಇರುತ್ತಿದ್ದ. ಪದಕ ಇದ್ದದ್ದರಿಂದ ಮರ ಹತ್ತಬೇಕಾಯಿತು.

ಅಲ್ಲಿ ನಿಂತು ನೋಡುತ್ತಿದ್ದ ಕಾರ್ಪಾತಿಯ ಹೆಸರಿನಲ್ಲೂ ಒಂದು ಚಿನ್ನ ಇತ್ತು.

ಪಕ್ಕದಲ್ಲಿಟ್ಟು ನೋಡಬೇಕಾದ ಇಬ್ಬರು

ಎಂದ್ರೆ ಕಾಬೋಷ್‌ನ ಕಥೆ ಬೇಗ ಮುಗಿಯುತ್ತದೆ. ಬರ್ಲಿನ್‌ನಲ್ಲಿ ಎರಡು ಚಿನ್ನ ಗೆದ್ದವನು. ಅವನೂ ಬಿಟ್ಟಿ ಕೆಲಸದ ತುಕಡಿಗೆ ಹೋಗಬೇಕಾಯಿತು. 1944ರ ನವೆಂಬರ್ 4ರಂದು ಬುಡಾಪೆಸ್ಟ್‌ನ ಮಾರ್ಗರೆಟ್ ಸೇತುವೆ ಮೇಲೆ ಇದ್ದ. ಜರ್ಮನ್ನರು ಸೇತುವೆಗೆ ಇಟ್ಟಿದ್ದ ಸಿಡಿಮದ್ದು ಹೊತ್ತಿಗೆ ಮುಂಚೆ ಸಿಡಿಯಿತು. ಕಾಬೋಷ್ ನದಿಯ ಪಾಲಾದ. ಆ ವರ್ಷ ಮೇ ಮಧ್ಯದಿಂದ ಜುಲೈವರೆಗೆ, ಎರಡು ತಿಂಗಳೂ ತುಂಬುವ ಮೊದಲು, 4 ಲಕ್ಷಕ್ಕೂ ಜಾಸ್ತಿ ಯಹೂದಿಗಳನ್ನು ಹಂಗೇರಿಯ ಊರೂರಿನಿಂದ ರೈಲು ತುಂಬಿಸಿ ಕಳಿಸಿದ್ದರು. ಬಹುಪಾಲು ಜನ ಹೋದದ್ದು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ. ಕಾರ್ಪಾತಿ ಹುಟ್ಟಿದ ಎಗೆರ್‌ನ ಯಹೂದಿಗಳನ್ನೂ ಬಿಡಲಿಲ್ಲ.

ಇನ್ನೊಬ್ಬ ಪೈಲ್ವಾನ ಯಾಕೊವ್ ಪುಂಕಿನ್. ಉಕ್ರೇನ್‌ನ ಝಪೊರೀಝ್ಯಾದ ಯಹೂದಿ ಹುಡುಗ. ಸೋವಿಯತ್ ಸೇನೆಯಲ್ಲಿದ್ದಾಗ ಜರ್ಮನ್ನರ ಕೈಗೆ ಸಿಕ್ಕ. ಯಹೂದಿ ಸೈನಿಕರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ ಅದು. ಸುನ್ನತಿಯಾದ ಮೈಯನ್ನು ಮುಚ್ಚಿಡುವಂತಿಲ್ಲ. ಪುಂಕಿನ್ ತಾನು ಮುಸ್ಲಿಂ ಅಂತ ಹೇಳಿಕೊಂಡ. ಆ ಒಂದು ಸುಳ್ಳಿನ ಮೇಲೆ ವರ್ಷಗಟ್ಟಲೆ ಶಿಬಿರಗಳಲ್ಲಿ ಜೀವ ಉಳಿಸಿಕೊಂಡ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಗ್ರೀಕೋ-ರೋಮನ್ ಫೆದರ್‌ವೇಟ್ ಚಿನ್ನ ಗೆದ್ದ. ಬೆಳ್ಳಿ ಹೋದದ್ದು ಹಂಗೇರಿಯ ಇಮ್ರೆ ಪೋಲ್ಯಾಕ್‌ಗೆ. ಅದೇ ಹೆಲ್ಸಿಂಕಿಯಲ್ಲಿ ಫ್ರೀಸ್ಟೈಲ್ ಬ್ಯಾಂಟಮ್‌ವೇಟ್ ಕಂಚು ಗೆದ್ದವನು ನಮ್ಮ ಪಕ್ಕದ ಕರಾಡ್ ಸೀಮೆಯ ಕೆ.ಡಿ. ಜಾಧವ್. ಕುಸ್ತಿ ಬಲ್ಲವರ ಮನೆಯಲ್ಲಿ ಜಾಧವ್ ಹೆಸರು ಬಂದಾಗಲೆಲ್ಲ ನಾನು ಪುಂಕಿನ್ ಕಥೆ ಎತ್ತುತ್ತೇನೆ. ಕೇಳಿದವರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಪುಂಕಿನ್ ಸೆರೆ ಸಿಕ್ಕಾಗ ಅವನು ಯಾರಿಗೂ ಗೊತ್ತಿರಲಿಲ್ಲ. ಹೆಸರು ಇರಲಿಲ್ಲ, ಆದ್ದರಿಂದ ಬೇರೆ ಯಾರೋ ಆಗಿ ಬದುಕಬಹುದಿತ್ತು. ಪೆಚಾವರ್, ಕಾಬೋಷ್, ಕಾರ್ಪಾತಿಗೆ ಆ ದಾರಿ ಇರಲಿಲ್ಲ. ಅವರ ಮುಖ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಆಮೇಲೆ

ಕಾರ್ಪಾತಿ ಬದುಕಿ ಬಂದ. ಅಷ್ಟು ಜನ ಸತ್ತ ಕಡೆ ಈತ ಹೇಗೆ ಉಳಿದ? ಪೈಲ್ವಾನನ ಮೈ, ಅದಕ್ಕೆ ತಡೆದುಕೊಂಡ ಅಂತ ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳಲಾರೆ. ಪೆಚಾವರ್‌ದೂ ಆಟಗಾರನ ಮೈಯೇ ಆಗಿತ್ತು. ಆ ದಿನ ಅಧಿಕಾರಿಯ ಕಣ್ಣಿಗೆ ಬಿದ್ದವನು ಪೆಚಾವರ್, ಅಷ್ಟೇ.

ಯುದ್ಧ ಮುಗಿದ ಮೇಲೆ ಆತ ಮತ್ತೆ ಕುಸ್ತಿಗೇ ಬಂದ. ತರಬೇತುದಾರನಾದ. ಕುಸ್ತಿಯ ಬಗ್ಗೆ ಪುಸ್ತಕ ಬರೆದ. ಕಾಲು ಎಲ್ಲಿಡಬೇಕು, ತೋಳು ಯಾವ ಹೊತ್ತಿಗೆ ಬಿಡಬೇಕು ಅಂತ ಹುಡುಗರಿಗೆ ಹೇಳಿಕೊಡುತ್ತಾ ಉಳಿದ ಆಯುಷ್ಯ ಕಳೆದ. ಅದೂ ತನ್ನನ್ನು ಗುದ್ದಲಿ ಹೊರಿಸಿ ಕಳಿಸಿದ ಆ ದೇಶದಲ್ಲೇ. ಬಹಳ ಜನ ಇಸ್ರೇಲ್‌ಗೆ, ಅಮೆರಿಕಕ್ಕೆ ಹೊರಟುಹೋದರು. ಯಾಕೆ ಹೋದರು ಅಂತ ಯಾರೂ ಅವರನ್ನು ಕೇಳಬೇಕಿಲ್ಲ. ಯಾಕೆ ಇಲ್ಲೇ ಉಳಿದೆ ಅಂತ ಕಾರ್ಪಾತಿಯನ್ನು ಕೇಳಬೇಕು ಅಂತ ನನಗೆ ಅನ್ನಿಸುವುದುಂಟು. ಕುಸ್ತಿ ಬಲ್ಲ ಗೆಳೆಯನೊಬ್ಬ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿದ: "ಗರಡಿ ಅಲ್ಲೇ ಇತ್ತಲ್ಲ."

1996ರ ಸೆಪ್ಟೆಂಬರ್ 23ರಂದು ಬುಡಾಪೆಸ್ಟ್‌ನಲ್ಲಿ ಕಾರ್ಪಾತಿ ತೀರಿಕೊಂಡ. ತೊಂಬತ್ತು ವರ್ಷ. ಪೆಚಾವರ್‌ಗೆ ಸಿಕ್ಕಿದ್ದು ಮೂವತ್ತೆಂಟು. ಕಾಬೋಷ್ ಮೂವತ್ತೆಂಟನೇ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಹೋದ. ಬರ್ಲಿನ್‌ನ ಚಿನ್ನದ ಬಗ್ಗೆ ಹೇಳಲು ದಾಖಲೆ ಪುಸ್ತಕಗಳಿದ್ದವು. ದವಿದೋವ್ಕಾದ ಮರದ ಬಗ್ಗೆ, ಆ ಹುಂಜದ ಕೂಗಿನ ಬಗ್ಗೆ ಹೇಳಲು ಕಾರ್ಪಾತಿಯೇ ಬರಬೇಕಾಯಿತು.